ಕೋರ್ಟ್ ವರದಿಗೆ ಹೊಸಬರನ್ನು ಕಳಿಸುವ ಮುನ್ನ

ಹೊಸ ವರದಿಗಾರರಿಗೆ ಕೋರ್ಟ್ ಬೀಟ್ ಕಲಿಸುವವರಿಗೆ ಒಂದು ಸಲಹೆ. ಮೊದಲ ದಿನವೇ ಕಲಾಪಕ್ಕೆ ಅಟ್ಟಬೇಡಿ, ಹಳೆಯ ತೀರ್ಪೊಂದನ್ನು ಕೈಗೆ ಕೊಡಿ. ಕೊನೆಯಲ್ಲಿರುವ ಆದೇಶ ಮೊದಲು ಓದಲಿ, ಆಮೇಲೆ ಹಿಂದಕ್ಕೆ ಹೋಗಿ ಕೋರ್ಟ್ ಮುಂದಿದ್ದ ಪ್ರಶ್ನೆ ಏನು, ಯಾವ ವಾದ ಒಪ್ಪಿತು, ಯಾವುದನ್ನು ಯಾಕೆ ತಳ್ಳಿಹಾಕಿತು ಅಂತ ಅಂಚಿನಲ್ಲಿ ಗುರುತು ಹಾಕಲಿ. ಪೀಠದಲ್ಲಿ ಬಹುಮತ ಒಪ್ಪದ ನ್ಯಾಯಮೂರ್ತಿ ಬರೆದ ಭಿನ್ನ ತೀರ್ಪು ಇದ್ದರೆ ಬಿಡಬಾರದು, ವಿಶ್ಲೇಷಣೆಗೆ ಜಾಸ್ತಿ ಸರಕು ಸಿಗುವುದು ಅಲ್ಲೇ. ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಬಾಯಿಮಾತಲ್ಲಿ ಹೇಳಿದ್ದು ಆದೇಶ ಅಲ್ಲ. ಆದರೂ ತಲೆಬರಹ ಆಗುವುದು ಅದೇ, ಅಲ್ವಾ! ಜಾಮೀನು ಸಿಕ್ಕವರನ್ನು ‘ನಿರ್ದೋಷಿ’ ಅಂತಲೋ, ಮಧ್ಯಂತರ ತಡೆಯಾಜ್ಞೆಯನ್ನು ‘ಗೆಲುವು’ ಅಂತಲೋ ಬರೆದು ತಂದರೆ ಸುಮ್ನೆ ತಿದ್ದಿ ಪ್ರಕಟಿಸಬೇಡಿ, ಕಾಪಿ ವಾಪಸ್ ಕೊಟ್ಟು ಅವರಿಂದಲೇ ಮತ್ತೆ ಬರೆಸಿ. ಮೇಲ್ಮನವಿಗೆ ಅವಕಾಶ ಇದೆಯಾ ಅನ್ನುವ ಸಾಲು ಇಲ್ಲದಿದ್ದರೂ ಅಷ್ಟೇ.