ಹದಿಹರೆಯದ ಕಾದಂಬರಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯುವುದು ಹೇಗೆ

"ಚೆನ್ನಾಗಿದೆ, ಒಮ್ಮೆ ಓದಬಹುದು" ಎಂದು ಬರೆಯುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪುಸ್ತಕ ಕೊಳ್ಳಬೇಕೋ ಬಿಡಬೇಕೋ ಓದಿದವರಿಗೆ ತಿಳಿಯುವುದಿಲ್ಲ. "ಬರೀ ಮಕ್ಕಳಾಟ" ಎನ್ನುವುದು ನೇರ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಅದರಿಂದ ಗೊತ್ತಾಗುವುದು ಬರೆದವರ ವಯಸ್ಸು ಮಾತ್ರ. ಯಂಗ್ ಅಡಲ್ಟ್, ಅಂದರೆ ಹದಿಹರೆಯದವರಿಗೆಂದು ಬರೆದ ಕಾದಂಬರಿಗಳ ಮೇಲಿನ ಅಭಿಪ್ರಾಯಗಳು ಹೆಚ್ಚಾಗಿ ಈ ಎರಡು ಗುಂಡಿಗಳಲ್ಲಿ ಒಂದಕ್ಕೆ ಬೀಳುತ್ತವೆ. "ಇದನ್ನು ನನಗಾಗಿ ಬರೆದಿಲ್ಲ" ಮತ್ತು "ಇದನ್ನು ಸರಿಯಾಗಿ ಬರೆದಿಲ್ಲ" ಎಂಬ ಎರಡು ದೂರುಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಬೇರೆ ಬೇರೆ ಇಟ್ಟುಕೊಂಡರೆ ಬೀಳದೆ ದಾಟಬಹುದು. ಮುಂದಿನದೆಲ್ಲ ಆ ಎರಡನ್ನು ಬೇರ್ಪಡಿಸುವ ಕೆಲಸವೇ.

ಪ್ರಕಾಶಕರು ಈ ಪುಸ್ತಕಗಳನ್ನು ಸಾಮಾನ್ಯವಾಗಿ 12ರಿಂದ 18 ವರ್ಷದವರಿಗೆಂದು ತರುತ್ತಾರೆ. ಆದರೆ 2012ರಲ್ಲಿ ಅಮೆರಿಕದಲ್ಲಿ ಪುಸ್ತಕ ಮಾರುಕಟ್ಟೆಯ ಮಾಹಿತಿ ಕಲೆಹಾಕುವ ಬೌಕರ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಇವನ್ನು ಕೊಳ್ಳುವವರಲ್ಲಿ 55 ಶೇಕಡ ಮಂದಿ 18 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರು ಎಂದು ಕಂಡುಬಂತು. ಹಾಗಾಗಿ ನಿಮ್ಮ ಬರಹ ಓದುವವರು ಹದಿನಾಲ್ಕರ ಹುಡುಗಿಯೂ ಇರಬಹುದು, ಅವಳ ಶಿಕ್ಷಕಿಯೂ ಇರಬಹುದು, ಈ ಬಗೆಯ ಕಥೆಯನ್ನೇ ಇಷ್ಟಪಡುವ ಮೂವತ್ತೈದರ ಓದುಗನೂ ಇರಬಹುದು. ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನು ಬರೆಯುವ ಮೊದಲೇ ಗಟ್ಟಿಮಾಡಿಕೊಳ್ಳಿ. ಮೂವರನ್ನೂ ಮೆಚ್ಚಿಸಲು ಹೊರಟರೆ ಮತ್ತೆ ಅಡ್ಡಗೋಡೆಯೇ ಗತಿ.

ಓದುವಾಗಲೇ ಮಾಡಬೇಕಾದದ್ದು

ಓದಿ ಮುಗಿಸಿದ ಮೇಲೆ ನೆನಪಿನಿಂದ ಬರೆದರೆ ಕೊನೆಯ ಐವತ್ತು ಪುಟಗಳ ಬಗ್ಗೆ ಮಾತ್ರ ಬರೆದಂತಾಗುತ್ತದೆ. ಅದಕ್ಕೇ ನಡುನಡುವೆ ನಿಲ್ಲಬೇಕು. ಮೊದಲ ನಿಲುಗಡೆ 50ನೇ ಪುಟದಲ್ಲಿ: ಮುಖ್ಯಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡ ಬರುತ್ತಿರುವುದು ಏನು ಎಂದು ಒಂದೊಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅದೇ ಮೊದಲ ದೂರು, ಪುಟಸಂಖ್ಯೆಯ ಸಮೇತ. ಎರಡನೆಯದು ಸರಿಯಾಗಿ ಅರ್ಧದಲ್ಲಿ: ಆ ಬಯಕೆ ಬದಲಾಗಿದೆಯೇ, ಅದಕ್ಕಾಗಿ ಪಾತ್ರ ಏನನ್ನಾದರೂ ಕಳೆದುಕೊಂಡಿದೆಯೇ? ಮೂರನೆಯದು ಕೊನೆಗೆ ಸುಮಾರು 40 ಪುಟ ಉಳಿದಾಗ: ಮುಂದೇನಾಗುತ್ತದೆ ಎಂಬ ನಿಮ್ಮ ಊಹೆ ಬರೆದಿಡಿ. ಊಹೆ ನಿಜವಾದ ಮಾತ್ರಕ್ಕೆ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಊಹಿಸಿದ್ದು ಊಹಿಸಿದ ಕಾರಣಕ್ಕೇ ನಡೆದು, ಅದಕ್ಕಿಂತ ಒಂದು ಹೆಜ್ಜೆಯೂ ಆಳಕ್ಕೆ ಇಳಿಯದಿದ್ದರೆ ಆಗ ದೂರಬಹುದು.

ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟವೂ ಬದಲಾಗುತ್ತದೆ, ಆದ್ದರಿಂದ ಅಧ್ಯಾಯ ಮತ್ತು ಶೇಕಡ ಗುರುತಿಟ್ಟುಕೊಳ್ಳಿ. ಆಡಿಯೋದಲ್ಲಿ ಕೇಳಿದ್ದರೆ ಅದನ್ನು ಬರಹದಲ್ಲಿ ಹೇಳಲೇಬೇಕು. ಒಳ್ಳೆಯ ಓದುಗಾರರ ದನಿ ಸಪ್ಪೆ ಸಂಭಾಷಣೆಗೂ ಜೀವ ತುಂಬಿಬಿಡುತ್ತದೆ. ಕೇಳಿ ಇಷ್ಟವಾದ ದೃಶ್ಯಗಳಲ್ಲಿ ಎರಡನ್ನಾದರೂ ಅಚ್ಚಿನಲ್ಲಿ ಓದಿ ನೋಡುವುದು ಒಳ್ಳೆಯದು.

ಪುಸ್ತಕ ಮುಗಿದ ಮೇಲೆ ಎರಡು ದಿನ ಬಿಡಿ. ಅಷ್ಟರೊಳಗೆ ಬೇರೆಯವರ ಅಭಿಪ್ರಾಯ ಓದಬೇಡಿ. ಓದಿದರೆ ನಿಮ್ಮದು ಅವರಿಗೆ ಕೊಟ್ಟ ಉತ್ತರವಾಗುತ್ತದೆ, ಪುಸ್ತಕದ ವಿಷಯ ಹಿಂದೆ ಸರಿಯುತ್ತದೆ.

ದನಿಯ ಪರೀಕ್ಷೆ

ಈ ಬಗೆಯ ಕಾದಂಬರಿ ನಿಲ್ಲುವುದೂ ಬೀಳುವುದೂ ನಿರೂಪಣೆಯ ದನಿಯಿಂದ. ಕಥೆಯ ಹಂದರ ಎಷ್ಟೇ ಹಳತಾಗಿರಲಿ, ಹದಿನಾರರ ಮನಸ್ಸಿನೊಳಗೆ ಕೂತು ನೋಡಿದ ಹಾಗಿದ್ದರೆ ಪುಸ್ತಕ ಗೆಲ್ಲುತ್ತದೆ. ಹಾಗಾಗಿ ಹೆಚ್ಚಿನ ಹೊತ್ತನ್ನು ಇಲ್ಲಿಯೇ ಕಳೆಯಿರಿ.

ಮೊದಲು ಕಾಲವನ್ನು ಗಮನಿಸಿ. 2008ರಲ್ಲಿ 'ದಿ ಹಂಗರ್ ಗೇಮ್ಸ್' ಕಾದಂಬರಿ ಬಂದದ್ದು ಉತ್ತಮಪುರುಷ, ವರ್ತಮಾನ ಕಾಲದಲ್ಲಿ. "ನಾನು ಓಡುತ್ತೇನೆ, ನಾನು ನೋಡುತ್ತೇನೆ" ಎಂಬ ಧಾಟಿ. ಮುಂದಿನ ಕ್ಷಣ ಬದುಕಿರುತ್ತೇನೋ ಇಲ್ಲವೋ ತಿಳಿಯದ ಪಾತ್ರಕ್ಕೆ ಅದು ಹೇಳಿ ಮಾಡಿಸಿದ್ದು. ಅದೇ ಧಾಟಿ ಈಗ ಶಾಲೆಯ ಪ್ರೇಮಕಥೆಗೂ, ನಿಧಾನವಾದ ದುಃಖದ ಕಥೆಗೂ ಬಂದು ಕೂತಿದೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಒಂದು ಪುಟವನ್ನು ಭೂತಕಾಲಕ್ಕೆ ತಿರುಗಿಸಿ ಬರೆದು ನೋಡಿ. ಏನೂ ಕಳೆದುಹೋಗದಿದ್ದರೆ ಆ ಧಾಟಿ ಅಲ್ಲಿ ಕೇವಲ ರೂಢಿ. ಕಥೆಗೆ ಅದರಿಂದ ಉಪಯೋಗವಿಲ್ಲ ಎಂದು ಬರೆಯಲು ಹಿಂಜರಿಯಬೇಕಿಲ್ಲ.

ಇಬ್ಬರು ನಿರೂಪಕರಿದ್ದರೆ ಅಧ್ಯಾಯದ ತಲೆಯ ಮೇಲಿನ ಹೆಸರನ್ನು ಮುಚ್ಚಿ. ಒಬ್ಬೊಬ್ಬರಿಂದ ಮೂರು ಪ್ಯಾರಾ ಆರಿಸಿ, ಕಲಸಿ, ಯಾರದು ಯಾವುದು ಎಂದು ಹೇಳಲು ಪ್ರಯತ್ನಿಸಿ. ಆರರಲ್ಲಿ ಮೂರು ತಪ್ಪಿದರೆ ಅಲ್ಲಿರುವುದು ಒಂದೇ ದನಿ. ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' ಸರಣಿಯ ಮೊದಲೆರಡು ಭಾಗಗಳನ್ನು ನಾಯಕಿ ಒಬ್ಬಳೇ ಹೇಳುತ್ತಾಳೆ. ಮೂರನೆಯ ಭಾಗ 'ಅಲೀಜಂಟ್' (2013) ಇಬ್ಬರ ಬಾಯಿಗೆ ಹೋಯಿತು. ಯಾರು ಮಾತಾಡುತ್ತಿದ್ದಾರೆಂದು ತಿಳಿಯಲು ಮತ್ತೆ ಮತ್ತೆ ಅಧ್ಯಾಯದ ಹೆಸರು ನೋಡಬೇಕಾಯಿತು ಎಂಬುದು ಅದರ ಮೇಲೆ ಹಲವು ಓದುಗರ ದೂರು. ದೂರು ಹೀಗಿರಬೇಕು: ಯಾರು ಬೇಕಾದರೂ ಪುಸ್ತಕ ತೆರೆದು ಪರೀಕ್ಷಿಸಬಹುದಾದದ್ದು.

ಇನ್ನು ದೊಡ್ಡವರು ನುಸುಳಿರುವ ಜಾಗಗಳು. ಜಗಳದ ನಡುವೆ ಹದಿನೈದರ ಹುಡುಗ ತನ್ನ ಸಿಟ್ಟಿನ ಮೂಲ ಕಾರಣವನ್ನು ಆಪ್ತಸಮಾಲೋಚಕರ ಭಾಷೆಯಲ್ಲಿ ಪೂರ್ಣವಾಕ್ಯಗಳಲ್ಲಿ ವಿವರಿಸಿದರೆ, ಅಲ್ಲಿ ಮಾತಾಡುತ್ತಿರುವವರು ಲೇಖಕರು. ಇತ್ತೀಚಿನ ಪುಸ್ತಕಗಳಲ್ಲಿ ಇದು ತೀರ ಹೆಚ್ಚು, ಮತ್ತು ಇದನ್ನು ಎತ್ತಿ ಹೇಳುವವರು ಕಡಿಮೆ. ಹೇಳಿಸಿದ ಮಾತು ಒಳ್ಳೆಯದಾಗಿರುತ್ತದೆ, ಅದಕ್ಕೇ ಟೀಕಿಸಲು ಮುಜುಗರ. ಆದರೆ ಹದಿಹರೆಯದ ಓದುಗರು ಬೋಧನೆಯ ವಾಸನೆಯನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಾರೆ. ಅಂಥ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಉಸಿರು ಸಾಲದೆ ಹೋದರೆ ಸಾಲನ್ನು ಗುರುತಿಡಿ. ಹಾಗೆಯೇ ಆಡುಮಾತಿನ ಹೊಸ ಪದಗಳು, ಆ್ಯಪ್‌ಗಳ ಹೆಸರುಗಳು ಒಂದೇ ಪುಟದಲ್ಲಿ ಕಿಕ್ಕಿರಿದಿದ್ದರೆ, ಕಾಲಕ್ಕೆ ತಕ್ಕ ದನಿ ಸಿಗದೆ ಸಾಮಾನುಗಳನ್ನು ತಂದು ಜೋಡಿಸಿದ್ದಾರೆ ಎಂದೇ ಅರ್ಥ.

ದೂರಬಾರದ್ದು

ಪಾತ್ರದ ಮನಸ್ಸು ಕ್ಷಣಕ್ಕೊಮ್ಮೆ ಉರಿದು ಆರುವುದು, ಸಣ್ಣ ಅವಮಾನ ಲೋಕವೇ ಮುಳುಗಿದಂತೆ ಕಾಣುವುದು, ಇವು ದೋಷಗಳಲ್ಲ. 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾದಾಗ ಅದರ ಲೇಖಕಿ ಎಸ್. ಇ. ಹಿಂಟನ್ ಅವರಿಗೆ 18 ವರ್ಷ. ಕಥೆ ಹೇಳುವ ಹುಡುಗನಿಗೆ 14. ಅದರಲ್ಲಿರುವ ಭಾವದ ಏರುದನಿಯೇ ಅದರ ಸತ್ಯ. ಅದನ್ನು ಅತಿರೇಕ ಎಂದು ಮೂಗು ಮುರಿದರೆ ಈ ಪ್ರಕಾರವನ್ನೇ ಬೇಡ ಎಂದಂತಾಗುತ್ತದೆ.

ಪಾತ್ರ ತಪ್ಪು ನಿರ್ಧಾರ ತೆಗೆದುಕೊಂಡಿತು ಎಂಬುದೂ ದೂರಲ್ಲ. ಕೇಳಬೇಕಾದ ಪ್ರಶ್ನೆ: ಅದು ತಪ್ಪು ಎಂಬುದು ಕಾದಂಬರಿಗೆ ಗೊತ್ತೇ? ಆ ತಪ್ಪಿಗೆ ಕಥೆಯೊಳಗೆ ಯಾರಾದರೂ ಬೆಲೆ ತೆತ್ತಿದ್ದಾರೆಯೇ? ಗೆಳತಿಯ ಗುಟ್ಟು ಬಯಲು ಮಾಡಿದವಳನ್ನು ಎರಡೇ ಪುಟದಲ್ಲಿ ಎಲ್ಲರೂ ಕ್ಷಮಿಸಿ ಮುಂದೆ ಹೋದರೆ, ದೋಷ ಹುಡುಗಿಯದಲ್ಲ, ಕಟ್ಟೋಣದ್ದು.

ಅಪ್ಪ ಅಮ್ಮ ಕಾಣೆಯಾಗಿರುವುದು ಈ ಪ್ರಕಾರದ ಹಳೆಯ ಉಪಾಯ. ದೊಡ್ಡವರು ಪಕ್ಕದಲ್ಲಿದ್ದರೆ ನಿರ್ಧಾರ ಅವರ ಕೈಗೆ ಹೋಗುತ್ತದೆ, ಪಾತ್ರಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಅವರು ಇಲ್ಲದಿರುವುದಕ್ಕೆ ಲೆಕ್ಕ ಕೊಟ್ಟಿದ್ದಾರೆಯೇ ಎಂಬುದನ್ನಷ್ಟೇ ನೋಡಿ. ಮಗಳು ಮೂರು ರಾತ್ರಿ ಮನೆಗೆ ಬಾರದಿದ್ದರೂ ಒಂದು ಫೋನ್ ಇಲ್ಲವೆಂದರೆ, ಆ ಮನೆ ಹಾಗೇಕೆ ಎಂದು ಪುಸ್ತಕ ಹೇಳಬೇಕು.

ಪ್ರೀತಿ, ಹಗೆತನ, ಮಾಯಾಲೋಕ

ಅಭಿಪ್ರಾಯ ತೇಲಿಬಿಡದಂತೆ ತಡೆಯಲು ಇಲ್ಲಿ ಎಣಿಕೆ ನೆರವಿಗೆ ಬರುತ್ತದೆ. ಮೊದಲ ಭೇಟಿಯಿಂದ "ನೀನಿಲ್ಲದೆ ನಾನಿಲ್ಲ" ಎನ್ನುವವರೆಗೆ ಎಷ್ಟು ಪುಟ? ಆ ನಡುವೆ ಇಬ್ಬರೇ ಕೂತು, ಬೇರೆ ಅವಸರವಿಲ್ಲದೆ ಮಾತಾಡಿದ ದೃಶ್ಯಗಳು ಎಷ್ಟು? ಪುಟ ನೂರೈವತ್ತಿದ್ದು ಅಂಥ ದೃಶ್ಯ ಒಂದೇ ಇದ್ದರೆ, ಪ್ರೀತಿಯನ್ನು ತೋರಿಸಿಲ್ಲ, ಘೋಷಿಸಿದ್ದಾರೆ.

ಹಗೆಗಳು ಪ್ರೇಮಿಗಳಾಗುವ ಕಥೆಗಳಿಗೆ ಈಗ ಬಲು ಬೇಡಿಕೆ. ಎರಡು ಪಟ್ಟಿ ಮಾಡಿ. ಒಂದರಲ್ಲಿ ಅವರಿಬ್ಬರು ಹಗೆಗಳಾಗಲು ಕಾರಣ, ಇನ್ನೊಂದರಲ್ಲಿ ಒಬ್ಬರಿಗೊಬ್ಬರು ಮಾಡಿದ ಕೇಡು. ಮೊದಲ ಪಟ್ಟಿಯಲ್ಲಿ ಕೇವಲ ಚುಚ್ಚುಮಾತು ಸಿಕ್ಕರೆ ಹಗೆತನ ಹೆಸರಿಗಷ್ಟೇ. ಎರಡನೆಯದರಲ್ಲಿ ಹೊಡೆತ, ಬೆದರಿಕೆ, ಬಂಧನ ಇದ್ದು ಕ್ಷಮೆ ಕೇಳುವ ದೃಶ್ಯವೇ ಇಲ್ಲದಿದ್ದರೆ ಅದನ್ನು ಬಿಚ್ಚಿ ಬರೆಯಿರಿ. ಓದುವವರು ಹದಿನಾಲ್ಕರವರೂ ಇರುತ್ತಾರೆ. ಕ್ರೌರ್ಯವನ್ನು ಪ್ರೀತಿಯ ಗುರುತಾಗಿ ತೋರಿಸಿದ್ದನ್ನು "ಇಬ್ಬರ ಕೆಮಿಸ್ಟ್ರಿ ಚೆನ್ನಾಗಿದೆ" ಎಂದು ದಾಟಿಸಬಾರದು.

ಮಾಯಾಲೋಕದ ಕಾದಂಬರಿಯಲ್ಲಿ ಮೊದಲ 50 ಪುಟಗಳಲ್ಲಿ ಬರುವ ಹೊಸ ಹೆಸರುಗಳನ್ನು ಎಣಿಸಿ: ಊರು, ಕುಲ, ದೇವರು, ಆಯುಧ ಎಲ್ಲ ಸೇರಿಸಿ. ಮೂವತ್ತು ದಾಟಿದರೆ ಬಹುತೇಕ ಓದುಗರು ಹಿಂದಕ್ಕೆ ಪುಟ ತಿರುಗಿಸುತ್ತಾರೆ. ಮಾಂತ್ರಿಕ ಶಕ್ತಿಗೆ ಮಿತಿ ಏನು, ಬಳಸಿದವರು ಏನು ಕಳೆದುಕೊಳ್ಳುತ್ತಾರೆ ಎಂಬುದು ಅರ್ಧದೊಳಗೆ ಸ್ಪಷ್ಟವಾಗಬೇಕು. ಇಲ್ಲದಿದ್ದರೆ ಕೊನೆಯ ಕಾಳಗದಲ್ಲಿ ಎಲ್ಲಿಯದೋ ಶಕ್ತಿ ಬಂದು ಎಲ್ಲರನ್ನೂ ಉಳಿಸುತ್ತದೆ, ಮತ್ತು ಆ ಗೆಲುವಿಗೆ ತೂಕವಿರುವುದಿಲ್ಲ. ಎರಡು ಅಥವಾ ಮೂರು ಭಾಗಗಳ ಸರಣಿಯಾದರೆ ಮೊದಲ ಭಾಗ ಮುಗಿಯುತ್ತದೋ, ಬರೀ ನಿಲ್ಲುತ್ತದೋ ಹೇಳಿ. ಕೊಳ್ಳುವವರಿಗೆ ಇದು ಬಹಳ ಮುಖ್ಯ.

ಪದ್ಯರೂಪದ ಕಾದಂಬರಿಗೆ ಅಳತೆಗೋಲು ಬೇರೆ. ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್' (2017) ಸುಮಾರು ಅರವತ್ತು ಸೆಕೆಂಡು ಕೆಳಗಿಳಿಯುವ ಲಿಫ್ಟಿನೊಳಗೆ ನಡೆಯುತ್ತದೆ. ಅಲ್ಲಿ ಪುಟದ ಖಾಲಿ ಜಾಗವೂ ಉಸಿರು ಹಿಡಿಸುವ ಕೆಲಸ ಮಾಡುತ್ತದೆ. "ಪದಗಳೇ ಕಡಿಮೆ" ಎಂದು ಇಂಥದ್ದನ್ನು ದೂರುವುದು ಅನ್ಯಾಯ. ಸಾಲು ಒಡೆದದ್ದನ್ನೆಲ್ಲ ಕೂಡಿಸಿ ಗದ್ಯದ ಹಾಗೆ ಓದಿ. ಅರ್ಥವೂ ಲಯವೂ ಹಾಗೇ ಉಳಿದರೆ, ಆ ಒಡೆತಕ್ಕೆ ಕಾರಣವಿರಲಿಲ್ಲ.

ಬರೆಯಲು ಕುಳಿತಾಗ

400ರಿಂದ 600 ಪದ ಸಾಕು. ತೀರ್ಪನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಕಥೆಗೆ ಮೂರು ಸಾಲಿಗಿಂತ ಹೆಚ್ಚು ಬೇಡ, ಮತ್ತು ಪುಸ್ತಕದ ಮೊದಲ ಕಾಲು ಭಾಗವನ್ನು ದಾಟಬೇಡಿ. ಉಳಿದದ್ದೆಲ್ಲ ಎರಡೋ ಮೂರೋ ಅಂಶಗಳಿಗೆ ಮೀಸಲಿರಲಿ. ಹತ್ತು ಅಂಶ ಮುಟ್ಟಿದರೆ ಒಂದೂ ನಾಟುವುದಿಲ್ಲ.

ಪ್ರತಿ ಅಂಶಕ್ಕೂ ಸಾಕ್ಷಿ ಬೇಕು. "ಪಾತ್ರಗಳು ಸಪ್ಪೆ" ಎಂಬುದನ್ನು ಹೊಡೆದುಹಾಕಿ, "ಅಣ್ಣ ಸತ್ತ ಮೇಲಿನ ಎಂಟು ಅಧ್ಯಾಯಗಳಲ್ಲಿ ತಂಗಿ ಅವನನ್ನು ಎರಡೇ ಸಲ ನೆನೆಯುತ್ತಾಳೆ, ಎರಡೂ ಸಲ ಪ್ರೇಮಿಯ ಎದುರು" ಎಂದು ಬರೆಯಿರಿ. ಹೊಗಳಿಕೆಗೂ ಇದೇ ನಿಯಮ. "ಅದ್ಭುತ", "ಮನಮುಟ್ಟುವ", "ಕೆಳಗಿಡಲಾಗದ" ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ ತೆಗೆದು, ಆ ಜಾಗದಲ್ಲಿ ಯಾವ ದೃಶ್ಯ ಹಾಗೆನಿಸಿತು ಎಂದು ತುಂಬಿ. ಕೆಟ್ಟದ್ದನ್ನು ಹೇಳುವ ಧೈರ್ಯ ಬಹಳ ಜನಕ್ಕಿದೆ. ಒಂದು ಪುಸ್ತಕ ಏಕೆ ಚೆನ್ನಾಗಿದೆ ಎಂದು ನಿಖರವಾಗಿ ಹೇಳುವುದು ಅದಕ್ಕಿಂತ ಕಷ್ಟದ ಕೆಲಸ.

ದೋಷ ಕೊನೆಯಲ್ಲೇ ಇದ್ದರೆ ಘಟನೆ ಬಿಟ್ಟುಕೊಡದೆ ದೋಷದ ಬಗೆಯನ್ನು ಹೇಳಬಹುದು: "ಮುನ್ನೂರು ಪುಟ ಕಟ್ಟಿದ ಪ್ರಶ್ನೆಗೆ ಉತ್ತರ ಒಂದು ಪತ್ರದಲ್ಲಿ ಬರುತ್ತದೆ, ಪಾತ್ರ ಅದನ್ನು ಹುಡುಕಿಕೊಳ್ಳುವುದಿಲ್ಲ." ಅದಕ್ಕಿಂತ ಹೆಚ್ಚು ಬೇಕಾದರೆ ಬೇರೆ ಪ್ಯಾರಾ ಮಾಡಿ, ಮುಂದೆ ಗುಟ್ಟು ಬಯಲಾಗುತ್ತದೆ ಎಂದು ಮೊದಲೇ ತಿಳಿಸಿ.

ಲೇಖಕರ ಬದುಕು, ರೂಪ, ವಯಸ್ಸು ನಿಮ್ಮ ವಿಷಯವಲ್ಲ. "ಲೇಖಕಿಗೆ ಹುಡುಗರ ಬಗ್ಗೆ ಏನೂ ಗೊತ್ತಿಲ್ಲ" ಎನ್ನುವ ಬದಲು ಯಾವ ಹುಡುಗನ ಯಾವ ಮಾತು ನಂಬುವಂತಿಲ್ಲ ಎಂದು ಹೇಳಿ. ಟೀಕೆ ಬರೆದು ಅದಕ್ಕೆ ಲೇಖಕರನ್ನೇ ಟ್ಯಾಗ್ ಮಾಡುವುದು ಒಳ್ಳೆಯ ನಡೆಯಲ್ಲ. ಪ್ರಕಟಣೆಗೆ ಮೊದಲು ಕಳಿಸುವ ಮುಂಗಡ ಪ್ರತಿ ಓದಿದ್ದರೆ ಅದು ಉಚಿತವಾಗಿ ಬಂದದ್ದೆಂದು ತಿಳಿಸಿ. ಅದರಿಂದ ಸಾಲು ಎತ್ತಿ ಬರೆಯುವ ಮೊದಲು ಅಂತಿಮ ಪ್ರತಿಯಲ್ಲಿ ಆ ಸಾಲು ಹಾಗೇ ಇದೆಯೇ ನೋಡಿ. ಮುಂಗಡ ಪ್ರತಿಯ ಅಚ್ಚಿನ ದೋಷಗಳನ್ನು ಎಣಿಸುವುದಂತೂ ಬೇಡವೇ ಬೇಡ.

ಅರ್ಧಕ್ಕೇ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು. ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎರಡನ್ನೂ ಹೇಳಿ, ಆದರೆ ಅಂಥ ಪುಸ್ತಕಕ್ಕೆ ನಕ್ಷತ್ರಗಳ ಅಂಕ ಕೊಡಬೇಡಿ. ನಕ್ಷತ್ರ ಕೊಡುವುದಾದರೆ ಮೂರು ಅಂದರೆ ಏನು, ಎರಡು ಅಂದರೆ ಏನು ಎಂದು ಒಮ್ಮೆ ಬರೆದಿಟ್ಟುಕೊಂಡು ಅದನ್ನೇ ಪಾಲಿಸಿ.

ವಯಸ್ಸು ಮತ್ತು ಎಚ್ಚರಿಕೆಯ ಮಾತು

"ಹದಿಹರೆಯದವರೆಲ್ಲ ಓದಬಹುದು" ಎಂಬ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಹನ್ನೆರಡಕ್ಕೂ ಹದಿನೇಳಕ್ಕೂ ಅಜಗಜಾಂತರ. ಮುಖ್ಯಪಾತ್ರದ ವಯಸ್ಸು, ಪುಟಗಳ ಸಂಖ್ಯೆ, ಭಾಷೆ ಎಷ್ಟು ಬಿಗಿ ಎಂಬುದನ್ನು ಕೊಡಿ. ಹಿಂಸೆ, ಲೈಂಗಿಕತೆ, ಮಾದಕವಸ್ತು, ಸ್ವಯಂಹಾನಿ ಇದ್ದರೆ ಬರೀ ಪಟ್ಟಿ ಸಾಲದು: ಅದು ಕಣ್ಣೆದುರೇ ನಡೆಯುತ್ತದೋ, ನಡೆದುಹೋದದ್ದಾಗಿ ತಿಳಿಯುತ್ತದೋ, ಎಷ್ಟು ಪುಟ ಮುಂದುವರಿಯುತ್ತದೋ ಹೇಳಬೇಕು. ಒಂದು ಸಾಲಿನ ಪ್ರಸ್ತಾಪಕ್ಕೂ ಹನ್ನೆರಡು ಪುಟದ ದೃಶ್ಯಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಎಚ್ಚರಿಕೆಗೆ ಬೆಲೆ ಉಳಿಯುವುದಿಲ್ಲ. ಆತ್ಮಹತ್ಯೆಯ ಕಥೆಯಾದರೆ ಅದು ಹೇಗೆ ನಡೆಯಿತೆಂಬ ವಿವರವನ್ನು ನಿಮ್ಮ ಬರಹದಲ್ಲಿ ಮತ್ತೆ ಹೇಳಬೇಡಿ. ಪುಸ್ತಕ ಅಗತ್ಯಕ್ಕಿಂತ ಹೆಚ್ಚು ವಿವರಿಸಿದೆ ಎನಿಸಿದರೆ ಅಷ್ಟನ್ನೇ ತಿಳಿಸಿ. ಈ ಎಚ್ಚರಿಕೆಯ ಪ್ಯಾರಾವನ್ನು ನಿಮ್ಮ ಬರಹದ ಕೊನೆಯಲ್ಲಿ ಪ್ರತ್ಯೇಕ ತಲೆಬರಹ ಕೊಟ್ಟು ಇಡಿ. ಬೇಕಾದವರು ನೇರ ಅಲ್ಲಿಗೇ ಹೋಗುತ್ತಾರೆ, ಬೇಡದವರಿಗೆ ಕಥೆಯ ಗುಟ್ಟು ಉಳಿಯುತ್ತದೆ.