ಮಗುವಿಗೆ 95ನೇ ಪರ್ಸೆಂಟೈಲ್ ಬಂದರೆ ಖುಷಿಪಡಬೇಡಿ

ಅಮೆರಿಕದ ಸ್ಯಾನ್ ಹೋಸೆಗೆ ಹೊಸದಾಗಿ ಬಂದಿದ್ದೀರಾ? ಮಕ್ಕಳ ಕ್ಲಿನಿಕ್‌ಗೆ ಹೋದರೆ ಗೋಡೆ ಮೇಲೆ ಸ್ಪ್ಯಾನಿಷ್ ಪೋಸ್ಟರ್‌ಗಳು ಕಾಣುತ್ತವೆ. ನಮಗಲ್ಲ ಅಂತ ಸುಮ್ನೆ ಮೊಬೈಲ್ ನೋಡುತ್ತಾ ಕೂರಬೇಡಿ. ಲ್ಯಾಟಿನೋ, ಅಂದರೆ ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕದ ಮೂಲದ ಮನೆಗಳಿಗೆ ಡಾಕ್ಟರು ಹೇಳುವ ಮುಕ್ಕಾಲು ಪಾಲು ಮಾತು ನಮಗೂ ಸಲ್ಲುತ್ತದೆ.

ನಮ್ಮ ಪಕ್ಕದ ಮನೆಯವರು ಮೆಕ್ಸಿಕೋದವರು. ಅವರ ಅಜ್ಜಿ ಮೊಮ್ಮಗನನ್ನು ಕರೆಯುವುದೇ 'ಗೊರ್ದಿತೊ' ಅಂತ, ಅಂದರೆ ನಮ್ಮ 'ಗುಂಡ'. ದುಂಡಗಿದ್ದರೆ ಆರೋಗ್ಯ, ತೆಳ್ಳಗಿದ್ದರೆ ಅಮ್ಮ ಸರಿಯಾಗಿ ಉಣಿಸುತ್ತಿಲ್ಲ ಅನ್ನುವ ಲೆಕ್ಕ ಅವರಲ್ಲೂ ಇದೆ, ನಮ್ಮಲ್ಲೂ ಇದೆ, ಅಲ್ವಾ? ಇಲ್ಲಿನ ಡಾಕ್ಟರು ಎರಡು ವರ್ಷ ತುಂಬಿದ ಮೇಲೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಗ್ರಾಫ್ ತೆಗೆಯುತ್ತಾರೆ. ಅದೇ ವಯಸ್ಸಿನ ನೂರು ಗಂಡು ಅಥವಾ ಹೆಣ್ಣು ಮಕ್ಕಳಲ್ಲಿ ಎಷ್ಟು ಮಂದಿಗಿಂತ ನಿಮ್ಮ ಮಗುವಿನ ಬಿಎಂಐ ಹೆಚ್ಚಿದೆಯೋ ಅದೇ ಪರ್ಸೆಂಟೈಲ್. 85ನೇ ಪರ್ಸೆಂಟೈಲ್ ಮುಟ್ಟಿದರೆ ತೂಕ ಜಾಸ್ತಿ, 95 ಮುಟ್ಟಿದರೆ ಬೊಜ್ಜು. ನೂರಕ್ಕೆ 95 ಮಾರ್ಕ್ಸ್ ಬಂತು ಅಂದುಕೊಂಡು ಊರಿಗೆ ಫೋನ್ ಮಾಡಿದವರೊಬ್ಬರು ಗೊತ್ತು. ಸರಿ, ಅದು ನಾನೇ.

ಪಕ್ಕದ ಮನೆಯವರಿಗೆ ಡಾಕ್ಟರು ಟೋರ್ಟಿಯಾ (ಅವರ ರೊಟ್ಟಿ) ಬಿಡಿ ಅನ್ನಲಿಲ್ಲ. ಮೆಕ್ಕೆಜೋಳದ್ದು ಇರಲಿ, ಬೇಯಿಸಿದ ಕಾಳೂ ಇರಲಿ, ಹಂದಿ ಕೊಬ್ಬಲ್ಲಿ ಹುರಿಯುವುದು ಕಡಿಮೆ ಮಾಡಿ ಅಂದರು. ಮೊದಲು ಕೈ ಹಾಕಿದ್ದು ಲೋಟಕ್ಕೆ: ಅಕ್ಕಿ, ಚಕ್ಕೆ, ಸಕ್ಕರೆ ಹಾಕಿದ ಒರ್ಚಾತಾ, ಪುಂಡಿ ಜಾತಿಯ ಗಿಡದ ಒಣಹೂವಿನ ಕೆಂಪು ಪಾನಕ, ಸೋಡಾ, ಜ್ಯೂಸ್. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿ 2017ರಲ್ಲೇ ಹೇಳಿದೆ, ವರ್ಷದೊಳಗಿನ ಮಗುವಿಗೆ ಜ್ಯೂಸ್ ಬೇಡ, 1ರಿಂದ 3 ವರ್ಷದವರಿಗೆ ದಿನಕ್ಕೆ 4 ಔನ್ಸ್, ಅಂದರೆ ಸುಮಾರು 120 ಎಂಎಲ್ ಮೀರಬಾರದು. ದಿನವಿಡೀ ಸಿಪ್ಪಿ ಕಪ್ ಬಾಯಲ್ಲಿಟ್ಟು ಚೀಪಿದರೆ ಹಲ್ಲು ಹುಳುಕಾಗುತ್ತದೆ.

ನಮ್ಮ ಮನೆಗಳ ಕಥೆ ಜ್ಯೂಸಲ್ಲ, ಹಾಲು. ಊಟ ಬಿಟ್ಟರೆ ಹಾಲು, ಅತ್ತರೆ ಹಾಲು, ಅದಕ್ಕೊಂದು ಚಮಚ ಚಾಕ್ಲೇಟ್ ಪುಡಿ. ಪುಟ್ಟ ಮಕ್ಕಳಿಗೆ ದಿನಕ್ಕೆ 24 ಔನ್ಸ್ ದಾಟಿದರೆ ಹಸಿವು ಸಾಯುತ್ತದೆ, ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆಯೂ ಬರಬಹುದು. ಎಷ್ಟು ಔನ್ಸ್ ಅಂತ ಡಾಕ್ಟರು ಕೇಳಿಯೇ ಕೇಳುತ್ತಾರೆ. 'ಎರಡು ಲೋಟ' ಅಂದರೆ ಅವರಿಗೆ ಗೊತ್ತಾಗಲ್ಲ. ಹೋಗುವ ಮುಂಚೆ ನಿಮ್ಮ ಸ್ಟೀಲ್ ಲೋಟಕ್ಕೆ ನೀರು ತುಂಬಿ ಅಳೆದುಕೊಳ್ಳಿ. ನಮ್ಮನೆಯದು 8 ಔನ್ಸ್ ಹಿಡಿಯಿತು, ನಾನು 5 ಅಂತ ಹೇಳಿಕೊಂಡು ಬಂದಿದ್ದೆ.

ಇನ್ನೊಂದು. ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಪಕ್ಕದ ಮನೆಯ ಅಜ್ಜಿ ಸೊಸೆ ಮಾತಿಗೆ ಬಗ್ಗಲಿಲ್ಲ, ಡಾಕ್ಟರು ಸ್ಪ್ಯಾನಿಷ್‌ನಲ್ಲಿ ಹೇಳಿದ ಮೇಲೆ ಒಪ್ಪಿದರು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ. ಸರ್ಕಾರದ ಹಣ ಪಡೆಯುವ ಕ್ಲಿನಿಕ್‌ಗಳು ಅದಕ್ಕೆ ದುಡ್ಡು ಕೇಳುವಂತಿಲ್ಲ. ನಮ್ಮಮ್ಮ ಸ್ಪೀಕರ್ ಫೋನಲ್ಲಿ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಅನ್ನಕ್ಕೆ ತುಪ್ಪಾನಾದ್ರೂ ಹಾಕಬಹುದಾ?" ಒಂದು ಚಮಚಕ್ಕೆ ಅನುಮತಿ ಸಿಕ್ಕಿತು.