ಕುಂಡ ಬಿಟ್ಟು ಮರದ ತುಂಡಿನ ಮೇಲೆ ಆರ್ಕಿಡ್

ಮಲೆನಾಡಿನ ಮರಗಳಲ್ಲಿ ಸೀತಾಳೆ ದಂಡೆ ಜೋತುಬಿದ್ದಿರುವುದನ್ನು ಕಂಡವರಿಗೆ ಇಂಥ ಆರ್ಕಿಡ್‌ಗಳಿಗೆ ಮಣ್ಣು ಬೇಡವೆಂದು ಬೇರೆ ಹೇಳಬೇಕಾಗಿಲ್ಲ. ಅವುಗಳ ಬೇರನ್ನು ಸುತ್ತಿರುವ ಬೂದುಬಿಳುಪಿನ ಸ್ಪಂಜಿನಂಥ ಪದರವು ಮಳೆ ನೀರನ್ನು ಬೇಗನೆ ಹೀರಿಕೊಂಡು ಬಳಿಕ ಗಾಳಿಗೆ ಒಣಗುತ್ತದೆ. ಕುಂಡದೊಳಗೆ ಹೀಗೆ ಒಣಗಲು ಅವಕಾಶವಿಲ್ಲದಿದ್ದರೆ, ಅದರಲ್ಲೂ ಬೆಂಗಳೂರಿನ ಮಳೆಗಾಲದಲ್ಲಿ, ಬೇರು ಕೊಳೆಯುತ್ತದೆ. ಮರದ ತುಂಡಿಗೆ ಕಟ್ಟಿದ ಗಿಡಕ್ಕೆ ಆ ಭಯ ಬಹುಮಟ್ಟಿಗೆ ಇಲ್ಲ. ಆದರೆ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಅದಕ್ಕೆ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು. ಅಷ್ಟು ಬಿಡುವಿಲ್ಲದವರು ಕುಂಡದಲ್ಲೇ ಬೆಳೆಸುವುದು ಲೇಸು.

ಸೀತಾಳೆ ದಂಡೆಯಲ್ಲದೆ ಕ್ಯಾಟ್ಲಿಯಾ, ಡೆಂಡ್ರೋಬಿಯಂ, ಫೆಲನಾಪ್ಸಿಸ್‌ಗಳೂ ಈ ಕ್ರಮಕ್ಕೆ ಒಗ್ಗುತ್ತವೆ. ಗಿಡವನ್ನು ನರ್ಸರಿಯಿಂದಲೇ ತನ್ನಿ. ಕಾಡಿನಿಂದ ಕಿತ್ತು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ. ತುಂಡಿಗೆ ಮಾವು, ಹಲಸು ಅಥವಾ ತೇಗದ ಗಟ್ಟಿ ಮರವಾದರೆ ಸಾಕು, ಬಣ್ಣವಾಗಲಿ ಗೆದ್ದಲಿನ ಔಷಧಿಯಾಗಲಿ ತಾಗಿರಬಾರದು. ತೆಂಗಿನ ಸಿಪ್ಪೆ ಹೆಚ್ಚು ತೇವ ಹಿಡಿಯುವುದರಿಂದ ಬಿಸಿಲ ಬಾಲ್ಕನಿಗೆ ಒಳ್ಳೆಯದು, ಆದರೆ ಅದರ ಒಗರು ಮತ್ತು ಉಪ್ಪಿನಂಶ ಹೋಗುವಂತೆ ದಿನವೂ ನೀರು ಬದಲಿಸುತ್ತ ಒಂದು ವಾರ ನೆನೆಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಟ್ಟುವ ಹೊತ್ತು. ಹಳೆಯ ಬೇರುಗಳನ್ನು ಎಷ್ಟು ಬಿಗಿದು ಕಟ್ಟಿದರೂ ಅವು ಮರಕ್ಕೆ ಅಂಟಿಕೊಳ್ಳುವುದಿಲ್ಲ. ಹಸಿರು ತುದಿಯ ಹೊಸ ಬೇರು ಬೆಳೆಯುತ್ತ ಹೋದಂತೆ ಮರವನ್ನು ಹಿಡಿಯುತ್ತದೆ. ಆದ್ದರಿಂದ ಬುಡದಲ್ಲಿ ಹೊಸ ಬೇರು ಮೊಳೆಯುವವರೆಗೆ ಕಾಯಿರಿ. ನಮ್ಮಲ್ಲಿ ಹಲವು ಗಿಡಗಳಿಗೆ ಮುಂಗಾರಿನ ಮೊದಲ ಮಳೆಗಳ ಆಸುಪಾಸು ಆ ಕಾಲ. ಕೊಳೆತ ಬೇರುಗಳನ್ನು ಕತ್ತರಿಸಿ, ಬೇರುಗಳ ಕೆಳಗೆ ತೆಳುವಾಗಿ ತೆಂಗಿನ ನಾರು ಹರಡಿ, ಬುಡ ಮರಕ್ಕೆ ತಾಗುವಂತೆ ನೈಲಾನ್ ದಾರದಿಂದ ಸುತ್ತಿ ಕಟ್ಟಿ. ತಾಮ್ರದ ತಂತಿ ಬೇಡವೇ ಬೇಡ, ಅದು ಬೇರಿಗೆ ವಿಷ. ಕಟ್ಟಿದ ಮೇಲೆ ತುಂಡನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ: ಗಿಡ ಸ್ವಲ್ಪ ಅಲುಗಿದರೂ ಎಳೆಯ ಬೇರಿನ ತುದಿ ಉಜ್ಜಿ ಹಾಳಾಗುತ್ತದೆ, ಮತ್ತೆ ಬಿಚ್ಚಿ ಕಟ್ಟಲು ಬೇಸರಪಡಬಾರದು. ಫೆಲನಾಪ್ಸಿಸ್ ಆದರೆ ಎಲೆಗಳು ಕೆಳಮುಖವಾಗಿರಲಿ, ಇಲ್ಲವಾದರೆ ಸುಳಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿದ ಜಾಗ. ಬೇರು ಬಿಳುಪಿನಿಂದ ಹಸಿರಿಗೆ ತಿರುಗುವವರೆಗೆ ನೀರು ಚಿಮುಕಿಸಬೇಕು. ಫ್ಲ್ಯಾಟಿನಲ್ಲಿರುವವರು ತುಂಡನ್ನೇ ಬಕೆಟ್ಟಿನಲ್ಲಿ ಹತ್ತು ನಿಮಿಷ ಅದ್ದಿದರೆ ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುವುದಿಲ್ಲ. ಗಡಸಾದ ಕೊಳವೆಬಾವಿ ನೀರು ಬೇರಿನ ಮೇಲೆ ಬಿಳಿಯ ಉಪ್ಪು ಕಟ್ಟಿಸುವುದರಿಂದ ಹಿಡಿದಿಟ್ಟ ಮಳೆನೀರೇ ಉತ್ತಮ. ಬೆಳವಣಿಗೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಲೀಟರಿಗೆ ಅರ್ಧ ಗ್ರಾಂನಂತೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಕೊಡಬಹುದು.

ನಾಲ್ಕಾರು ಹೊಸ ಬೇರುಗಳು ಮರವನ್ನು ಹಿಡಿದ ಮೇಲೆ ದಾರ ಬಿಚ್ಚಿ. ವರ್ಷಗಳ ನಂತರ ತುಂಡು ಶಿಥಿಲವಾದರೆ ಬೇರುಗಳನ್ನು ಕೀಳದೆ, ಹಳೆಯ ತುಂಡಿನ ಸಮೇತವಾಗಿಯೇ ಗಿಡವನ್ನು ಇನ್ನೊಂದು ದೊಡ್ಡ ತುಂಡಿಗೆ ಕಟ್ಟಿ.